ತುಂಬಿಸಿ ಕೊಟ್ಟ ಕಂಪ್ಯೂಟರ್

ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಬಹಳ ವರ್ಷ ಗಂಡು ಹೆಣ್ಣು ಜೋಡಿಸುವ ಕೆಲಸ ಮಾಡಿದೆ. ಬೋರ್ಡು ಹಾಕಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಪರಿಚಯವಾದ ಪೋಷಕರು, ಅವರ ನಾದಿನಿ, ಆ ನಾದಿನಿಯ ಓರಗಿತ್ತಿ, ಹೀಗೆ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಜನ ಬರುತ್ತಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಯಾರಾದರೂ ನನ್ನೆದುರು ಹೇಳಿದರೆ ಅವತ್ತು ಅವರಿಗೆ ಕಾಫಿ ಸಿಗುತ್ತಿರಲಿಲ್ಲ. ಸುಳ್ಳು ಹೇಳಿ ಮಾಡಿಸಿದ ಮದುವೆಗಳ ಪಂಚಾಯಿತಿಗೂ ಕೊನೆಗೆ ನನ್ನ ಹತ್ತಿರವೇ ಬರುತ್ತಿದ್ದರಲ್ಲ, ಆ ಸಿಟ್ಟು ನನಗೆ.

ಹಾಗಾಗಿ ನನ್ನದೊಂದು ನಿಯಮವಿತ್ತು. ಮುಚ್ಚಿಡುವಂಥ ಸಂಗತಿ ಏನಿದ್ದರೂ ಮೊದಲು ನನಗೆ ಹೇಳಬೇಕು. ನೆಂಟರಿಷ್ಟರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ, ಆದರೆ ಮದುವೆಯಾಗುವ ಇಬ್ಬರಿಗೆ ಮಾತ್ರ ಎಲ್ಲವೂ ಗೊತ್ತಿರಬೇಕು. ಜನ ಹೇಳುತ್ತಿದ್ದರು. ತಂದೆಯ ಕುಡಿತ, ಮುರಿದುಹೋದ ನಿಶ್ಚಿತಾರ್ಥ, ಅಣ್ಣನ ಮೇಲಿನ ಕೇಸು, ಕೆಲಸ ಹೋಗಿರುವ ಸುದ್ದಿ. ಒಬ್ಬರ ಕಥೆ ಇನ್ನೊಬ್ಬರಿಗೆ ಅಂಟಿಕೊಂಡರೆ ಅನಾಹುತವಲ್ಲವೇ? ಅದಕ್ಕೇ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅವರವರ ಹೆಸರಿನ ಫೋಲ್ಡರಿಗೆ ಹಾಕಿಡುತ್ತಿದ್ದೆ. ಫೋಟೋ, ಜಾತಕ, ಬಯೋಡೇಟಾ, ಜೊತೆಗೆ ಅವರು ನಂಬಿ ಹೇಳಿದ ಮಾತು.

ಅವರಲ್ಲಿ ಒಬ್ಬಳು ಜ್ಞಾನಭಾರತಿಯ ಕಡೆ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದ್ದೇನೆ. ಅವಳ ಕೆಲಸ, ಗಂಡನ ಊರು, ನೆಂಟಸ್ತಿಕೆ ಎಲ್ಲವನ್ನೂ ಅವಳೇ ನನ್ನ ಪಕ್ಕ ಕೂತು ಬದಲಿಸಿಕೊಟ್ಟಿದ್ದಾಳೆ, ಆದ್ದರಿಂದ ಓದಿದವರು ಹುಡುಕಿಕೊಂಡು ಹೋಗುವ ಶ್ರಮ ತೆಗೆದುಕೊಳ್ಳಬೇಡಿ.

ಅವಳಿಗೆ ಕಾಲೇಜಿನ ದಿನಗಳಿಂದ ಫಿಟ್ಸ್ ಇತ್ತು. ಮಾತ್ರೆಯಿಂದ ಹತೋಟಿಗೆ ಬಂದಿತ್ತು. ಮೊದಲ ಸಲ ನಮ್ಮ ಮನೆಗೆ ಬಂದಾಗ ಅವಳಮ್ಮ ಆ ಮಾತೇ ಎತ್ತದೆ ಮಗಳ ರಂಗೋಲಿ, ಹಾಡು, ಚಪಾತಿ ಎಲ್ಲದರ ವರ್ಣನೆ ಮುಗಿಸಿದರು. ಹುಡುಗಿ ಪೂರ್ತಿ ಕೇಳಿಸಿಕೊಂಡು, ಬ್ಯಾಗಿನಿಂದ ಡಾಕ್ಟರ ಪತ್ರ ತೆಗೆದು ನನ್ನ ಮುಂದಿಟ್ಟಳು. ಅಮ್ಮ ಅವಳ ತೊಡೆ ಚಿವುಟಿದ್ದು ನನಗೆ ಕಾಣಿಸಿತು.

"ಅಮ್ಮ, ನೀನು ಸುಮ್ನಿರು. ಆಂಟಿ, ಇದನ್ನ ಸ್ಕ್ಯಾನ್ ಮಾಡಿ ಹುಡುಗನಿಗೆ ಕಳ್ಸಿ. ಓದಿದ ಮೇಲೂ ಬರ್ತೀನಿ ಅನ್ನೋನು ಬರ್ಲಿ."

ಅಲ್ಲಿಯವರೆಗೆ ನನ್ನ ಮನೆಗೆ ಬಂದ ಹುಡುಗಿಯರಲ್ಲಿ ಅಷ್ಟು ನೆಟ್ಟಗೆ ಮಾತಾಡಿದವಳು ಇನ್ನೊಬ್ಬಳಿಲ್ಲ. ಅವಳ ಮೇಲೆ ನನಗೆ ಅವತ್ತೇ ಅಭಿಮಾನ ಹುಟ್ಟಿತು.

ಪತ್ರ ಓದಿ ಕೆಲವರು ನೆಪ ಹೇಳಿದರು, ಕೆಲವರು ಫೋನೇ ಎತ್ತಲಿಲ್ಲ. ಒಬ್ಬ ಬಂದ. ಹೇರೋಹಳ್ಳಿಯ ಹಳೇ ಒಕ್ಕಲು ಮನೆತನ, ಈಗ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆ ಮನೆಗಳು. ಹುಡುಗ ಪತ್ರವನ್ನು ಎರಡು ಸಲ ಓದಿ ಅವಳನ್ನು ಒಂದೇ ಪ್ರಶ್ನೆ ಕೇಳಿದ. "ಮಾತ್ರೆ ತಗೊಳ್ಳೋದನ್ನ ನಾನು ನೆನಪಿಸಬೇಕಾ, ಇಲ್ಲಾ ನೀವೇ ತಗೋತೀರಾ?" ಆಮೇಲೆ ನನ್ನ ಕಡೆ ತಿರುಗಿ, "ಆಂಟಿ, ನಮ್ಮಮ್ಮನಿಗೆ ಮಾತ್ರ ಇದು ಗೊತ್ತಾಗೋದು ಬೇಡ. ಒಳ್ಳೆಯವರೇ. ಆದ್ರೆ ಈ ಕಾಯಿಲೆ ಅಂದ್ರೆ ಅವರಿಗೆ ವಿಪರೀತ ಭಯ. ಇವರನ್ನ ಒಲೆ ಹತ್ರ ಬಿಡಲ್ಲ, ನಾಳೆ ಮಗು ಆದ್ರೆ ಎತ್ಕೊಳ್ಳೋಕೂ ಬಿಡಲ್ಲ," ಅಂದ. ಹುಡುಗಿ ಯೋಚಿಸಿ ಒಪ್ಪಿದಳು. ಮದುವೆಯಾಯಿತು, ಹೆಣ್ಣುಮಗು ಹುಟ್ಟಿತು. ಅತ್ತೆ ಸೊಸೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು. ಎಲ್ಲಿ ಸಿಕ್ಕರೂ, "ನೀವು ಕೊಡ್ಸಿದ ಸೊಸೆ ಬಂಗಾರ ಕಣಮ್ಮ," ಎಂದು ನನ್ನ ಕೈ ಹಿಡಿದುಕೊಳ್ಳುವರು.

ಕಾಲ ಬದಲಾಯಿತು. ಈಗಿನ ಮಕ್ಕಳು ಮೊಬೈಲಿನಲ್ಲಿ ತಾವೇ ಹುಡುಕಿಕೊಳ್ಳುತ್ತಾರೆ, ನನ್ನ ಕೋಣೆಯ ಕುರ್ಚಿಗಳ ಮೇಲೆ ಒಣಗಿದ ಬಟ್ಟೆ ರಾಶಿ ಬೀಳತೊಡಗಿತು. ಕೆಲಸ ನಿಲ್ಲಿಸಿದೆ. ನಿಲ್ಲಿಸಿದ ವಾರವೇ ನಮ್ಮ ಯಜಮಾನರು ನನ್ನ ಕಂಪ್ಯೂಟರನ್ನು ಹೇರೋಹಳ್ಳಿಯ ಹಿರಿಯರ ಸಂಘಕ್ಕೆ ಕೊಡುತ್ತೇನೆಂದು ಮಾತು ಕೊಟ್ಟು ಬಂದರು. ಕೊಡುಗೈ ದಾನಿ, ಅದರಲ್ಲೂ ಹೆಂಡತಿಯ ವಸ್ತುವಾದರೆ ಇನ್ನೂ ಧಾರಾಳ. ಸಂಘದ ಖಜಾಂಚಿ ಯಾರು ಗೊತ್ತೇ? ಆ ಹುಡುಗಿಯ ಅತ್ತೆ.

ಯಜಮಾನರಿಗೆ ನನ್ನ ಫೋಲ್ಡರುಗಳಲ್ಲಿ ಯಾರ ಸಂಗತಿ ಏನಿದೆ ಎನ್ನುವುದು ತಿಳಿದಿರಲಿಲ್ಲ, ನಾನು ಯಾವತ್ತೂ ಹೇಳಿದವಳಲ್ಲ. ಕೊಟ್ಟ ಮಾತು ತಪ್ಪಿಸಲು ಕಾರಣ ಬೇಕಲ್ಲ, ಅದನ್ನು ಎಲ್ಲಿಂದ ತರಲಿ? ಸರಿ, ಎಲ್ಲವನ್ನೂ ಅಳಿಸಿ ಕೊಟ್ಟರಾಯಿತು ಎಂದುಕೊಂಡೆ. ಒಂದು ಮಧ್ಯಾಹ್ನ ಕೂತು ಒಂದೊಂದೇ ಫೋಲ್ಡರ್ ಡಿಲೀಟ್ ಮಾಡಿದೆ. ಪರದೆಯ ಮೇಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಮನೆ ಗುಡಿಸಿ ಸಾರಿಸಿದಷ್ಟು ಹಗುರವಾಯಿತು.

ಹೊರಗಿನಿಂದ ಬಂದ ಯಜಮಾನರು ಕನ್ನಡಕ ಏರಿಸಿ ಪರದೆ ನೋಡಿದರು.

"ಪೂರ್ತಿ ಖಾಲಿನಾ?"

"ಹೂಂ. ಎಲ್ಲಾ ತೆಗೆದೆ."

"ಖಾಲಿ ಕೊಡಬಾರದು ಕಣೇ."

ನಮ್ಮಲ್ಲಿ ಪಕ್ಕದ ಮನೆಯ ಡಬ್ಬಿ ವಾಪಸು ಕೊಡುವಾಗ ಬರಿದು ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ನಾನೂ ಹಾಗೇ ಮಾಡುವವಳು. ಆದರೆ ಕಂಪ್ಯೂಟರೇನು ಹುಳಿಯ ಡಬ್ಬಿಯೇ? "ನಿಮ್ಮ ತಲೆ. ಅದಕ್ಕೆ ಸಕ್ಕರೆ ಹಾಕ್ತೀರಾ?" ಎಂದೆ.

ಅವರು ಹಾಕಿದ್ದು ಭಜನೆ. ನಮ್ಮ ಪಾರ್ಕಿನ ಮೂಲೆಯಲ್ಲಿ ಪ್ರತಿ ಶನಿವಾರ ಸಂಜೆ ಕೂಡುವ ಭಜನಾ ಮಂಡಳಿಯನ್ನು ಅವರು ವರ್ಷಗಟ್ಟಲೆ ವಿಡಿಯೋ ಮಾಡಿಟ್ಟಿದ್ದರು. ಅದರಲ್ಲಿ ಮುಕ್ಕಾಲು ಪಾಲು ಅವರೇ ಹಾಡಿದ್ದು. ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ಶ್ರುತಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಆ ವಿಡಿಯೋಗಳನ್ನು ನಾವು ಮನೆಯಲ್ಲಿ ಯಾರೂ ನೋಡಿರಲಿಲ್ಲ, ಮಂಡಳಿಯವರೂ ನೋಡಿದಂತಿಲ್ಲ. ಕೇಳುವವರು ಸಿಕ್ಕರು ಎಂದು ಅವರಿಗೆ ಎಲ್ಲಿಲ್ಲದ ಉತ್ಸಾಹ ಬಂತು. ಬೆಳಗ್ಗೆ ಒಂದಿಷ್ಟು, ಊಟವಾದ ಮೇಲೆ ಒಂದಿಷ್ಟು ತುಂಬಿಸುತ್ತಲೇ ಹೋದರು. ಕೊನೆಗೆ ಇನ್ನು ಜಾಗವಿಲ್ಲ ಎಂದು ಕಂಪ್ಯೂಟರೇ ಕೈಮುಗಿದಾಗ ನಿಲ್ಲಿಸಿದರು.

"ಹಿರಿಯರಿಗೆ ಸಂಜೆ ಹೊತ್ತು ಕೇಳೋಕೆ ಚೆನ್ನಾಗಿರುತ್ತೆ," ಎಂದರು.

"ಇದ್ದಬದ್ದ ನೆಮ್ಮದಿನೂ ಹಾಳಾಗುತ್ತೆ," ಎಂದೆ.

ಆ ವಿಷಯಕ್ಕೆ ನಮ್ಮಿಬ್ಬರಿಗೆ ಸಣ್ಣ ಜಗಳವೇ ಆಯಿತು. ಬೇರೆ ಮನೆಗೆ ಹೋಗುವ ವಸ್ತುವಿನೊಳಗೆ ಗಂಡನ ಗಾಯನ ಇಟ್ಟು ಕಳಿಸುವುದು ನನಗೆ ನಾಚಿಕೆಯ ಸಂಗತಿ. ಅವರು ಕೇಳಲಿಲ್ಲ. ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಮೇಲೆ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ಆಟೋದಲ್ಲಿ ಕೂರಿಸಿಕೊಂಡು ಹೋದರು.

ಕೆಲವು ದಿನಗಳ ನಂತರ ಬೆಳಗ್ಗೆ ನಾನು ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಾಗ ಸಂಘದ ಕಾರ್ಯದರ್ಶಿಗಳ ಫೋನು ಬಂತು. ಕಾರ್ಖಾನೆಯಿಂದ ನಿವೃತ್ತರಾದ ಇಂಜಿನಿಯರು, ತುಂಬಾ ಮರ್ಯಾದಸ್ಥರು. ಬಿಚ್ಚಿ ಜೋಡಿಸುವ ಹುಚ್ಚು ಇನ್ನೂ ಬಿಟ್ಟಿರಲಿಲ್ಲ.

"ಮೇಡಂ, ಕಾಯಿ ತಾಂಬೂಲ ಇಟ್ಟು ಕಳ್ಸಿದೀರಿ. ನಾವು ಬರೀ ಬಾಯಿಮಾತಲ್ಲಿ ಥ್ಯಾಂಕ್ಸ್ ಹೇಳಿದ್ರೆ ಚೆನ್ನಾಗಿರಲ್ಲ. ಇಷ್ಟು ವರ್ಷದ ಕೆಲಸ ಎಲ್ಲಾ ನೀವು ಅಳಿಸಿಬಿಟ್ರಿ, ಪಾಪ, ಅಂತ ನಿಮ್ಮ ಯಜಮಾನ್ರು ಹೇಳಿದ್ರು. ಯೋಚನೆ ಮಾಡಬೇಡಿ. ಅದನ್ನ ವಾಪಸ್ ತೆಗೆದುಕೊಡ್ತೀನಿ."

"ವಾಪಸ್ ಅಂದ್ರೆ? ನಾನು ಡಿಲೀಟ್ ಮಾಡಿದೀನಲ್ಲ ಸಾರ್."

"ಡಿಲೀಟ್ ಮಾಡಿದ್ದು ನಿಜವಾಗಿ ಹೋಗಿರಲ್ಲ ಮೇಡಂ. ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತಿರ್ತೀವಿ, ಒಳಗಿರೋ ಜನ ಹಾಗೇ ಇರ್ತಾರೆ. ಹುಡುಕಿ ತೆಗೆಯೋಕೆ ಸಾಫ್ಟ್‌ವೇರ್ ಇದೆ. ಈಗಷ್ಟೇ ಹಾಕಿದೀನಿ, ಓಡ್ತಾ ಇದೆ. ಮಧ್ಯಾಹ್ನದೊಳಗೆ ಎಲ್ಲಾನೂ ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ."

"ಬೇಡ ಸಾರ್, ದಯವಿಟ್ಟು ನಿಲ್ಸಿಬಿಡಿ," ಎಂದೆ.

"ಅಯ್ಯೋ, ಸಂಕೋಚ ಯಾಕೆ ಮೇಡಂ?"

"ಸಂಕೋಚ ಅಲ್ಲ ಸಾರ್, ನಿಜವಾಗ್ಲೂ ಬೇಡ."

"ನಮಗೇನೂ ತೊಂದರೆ ಇಲ್ಲ ಬಿಡಿ. ಖಜಾಂಚಿ ಅಮ್ಮಾವ್ರೂ ಇಲ್ಲೇ ಕೂತಿದಾರೆ, ನಿಮ್ಮನ್ನ ಕೇಳ್ದೆ ಅಂತ ಹೇಳಿ ಅಂತಿದಾರೆ."

ನಮ್ಮ ಕಡೆ ಬೇಡ ಎಂದವರ ಎಲೆಗೆ ಇನ್ನೊಂದು ಹೋಳಿಗೆ ಬೀಳುತ್ತದೆ. ನಾನೇ ಎಷ್ಟು ಜನರಿಗೆ ಹಾಗೆ ಬಡಿಸಿಲ್ಲ! ಗುಟ್ಟಿನ ಮಾತಿದೆ ಎನ್ನೋಣವೆಂದರೆ ಪಕ್ಕದಲ್ಲೇ ಆ ಅತ್ತೆ ಕೂತಿದ್ದಾರೆ. ಬೇಡ ಎಂದು ಹೇಳಲು ನಮ್ಮಲ್ಲಿ ಬೇರೆ ಮಾತೇ ಇಲ್ಲವಲ್ಲ ಎಂದು ಅವತ್ತು ನನಗೆ ಅಳು ಬರುವಂತಾಯಿತು. ಹುರುಳಿಕಾಯಿ ಅಲ್ಲೇ ಬಿಟ್ಟು, ಮನೆಯಲ್ಲುಟ್ಟ ಸೀರೆಯಲ್ಲೇ ಚಪ್ಪಲಿ ಮೆಟ್ಟಿ ಹೊರಟೆ. ಯಜಮಾನರು ಹಿಂದಿನಿಂದ, "ಎಲ್ಲಿಗೇ?" ಎಂದರು. "ನಿಮ್ಮ ಪುಣ್ಯ ಕಟ್ಕೊಳ್ಳೋಕೆ," ಎಂದು ಕೂಗಿದೆ.

ಆಟೋ ಮಾಗಡಿ ರಸ್ತೆಯಲ್ಲಿ ತೆವಳಿತು. ಸುಂಕದಕಟ್ಟೆ ದಾಟಿದ ಮೇಲೆ ರಸ್ತೆ ಅಗೆದಿದ್ದರು. ಡ್ರೈವರು ಹಳ್ಳ ತಪ್ಪಿಸಲು ಒಂದು ಗಲ್ಲಿಗೆ ನುಗ್ಗಿ, ಅಲ್ಲೂ ಅಗೆದಿದ್ದು ನೋಡಿ ಹಿಂದಕ್ಕೆ ಬಂದ. ನನ್ನ ತಲೆಯಲ್ಲಿ ಓಡುತ್ತಿದ್ದುದು ಡಾಕ್ಟರ ಪತ್ರ. ಆ ಅತ್ತೆ ಓದು ಬಲ್ಲವರು. ಮೇಲೆ ದಪ್ಪ ಅಕ್ಷರದಲ್ಲಿ ಹುಡುಗಿಯ ಹೆಸರು, ಕೆಳಗೆ ಕಾಯಿಲೆಯ ಹೆಸರು. ಎಷ್ಟೋ ಜನ ಹೇಳದೆ ಮುಚ್ಚಿಟ್ಟು ಸುಖವಾಗಿದ್ದಾರೆ, ಧೈರ್ಯವಾಗಿ ಹೇಳಿದವಳಿಗೆ ಆ ಧೈರ್ಯವೇ ಮುಳುವಾಗಬೇಕೇ? ದೇವರನ್ನೂ ಬೈದೆ, ಗಂಡನನ್ನೂ ಬೈದೆ. ಮಗುವನ್ನು ಅವಳ ಕೈಯಿಂದ ಕಿತ್ತುಕೊಳ್ಳುವ ಚಿತ್ರ ಕಣ್ಣಿಗೆ ಕಟ್ಟಿ, ಡ್ರೈವರಿಗೂ ಎರಡು ಮಾತು ಅಂದೆ.

ಸಂಘದ ಕೋಣೆಯಲ್ಲಿ ಕಾರ್ಯದರ್ಶಿಗಳು ಪರದೆಯ ಮುಂದಿದ್ದರು. ಖಜಾಂಚಿ ಅಮ್ಮ ಅವರ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು.

"ಬನ್ನಿ ಬನ್ನಿ, ಸರಿಯಾದ ಟೈಮಿಗೆ ಬಂದ್ರಿ," ಎಂದು ಆಕೆ ಮಜ್ಜಿಗೆಯ ಲೋಟ ಕೈಗಿಟ್ಟರು. "ನಮ್ಮ ಸೊಸೇದು ಮದುವೆಗೆ ಮುಂಚಿನ ಫೋಟೋ ಇದರಲ್ಲೇ ಇತ್ತಲ್ವಾ? ನೀವು ತೋರಿಸಿದ್ರಲ್ಲ, ಹಸಿರು ಸೀರೇದು. ಅದು ಸಿಕ್ಕಿದ್ರೆ ಸಾಕಮ್ಮ ನಂಗೆ. ಅವಳ ಮಗಳೂ ಥೇಟ್ ಹಂಗೇ ಬರ್ತಾ ಇದಾಳೆ."

ಅಷ್ಟು ಪ್ರೀತಿಯಿಂದ ಕೇಳಿದವರಿಗೆ ಏನೆಂದು ಹೇಳಲಿ? ಪರದೆಯ ಮೇಲೆ ಸಾಲುಸಾಲಾಗಿ ಹೆಸರುಗಳು ಬೀಳುತ್ತಿದ್ದವು. ನಡುವೆ ಒಂದು ಕಡೆ ಅವಳ ಹೆಸರಿನ ಫೋಲ್ಡರ್ ಕಂಡಿತು. ನಾನು ನೋಡುವ ಮೊದಲೇ ಅತ್ತೆ ನೋಡಿದರು.

"ಅಗೋ! ಅದೇ ನೋಡಿ ಸಾರ್. ತೆಗೀರಿ."

ಪ್ಲಗ್ ಎಲ್ಲಿದೆ ಎಂದು ಗೋಡೆ ನೋಡಿದೆ. ಅದು ಮೇಜಿನ ಆಚೆ ಇತ್ತು. ಕಾರ್ಯದರ್ಶಿಗಳು ಒತ್ತಿದರು. ಒಳಗೆ ನಾಲ್ಕಾರು ಫೈಲುಗಳ ಹೆಸರು. ಮೊದಲನೆಯದನ್ನು ಒತ್ತಿದರು, ತೆರೆಯಲಾಗದು ಎಂಬ ಸಂದೇಶ ಬಂತು. ಎರಡನೆಯದೂ ಅಷ್ಟೇ. ಮೂರನೆಯದೇ ಆ ಪತ್ರ, ನಾನಿಟ್ಟ ಹೆಸರು ನನಗೆ ಗೊತ್ತಿಲ್ಲವೇ? ಅವರು ಒತ್ತಿದರು. ಅದೂ ತೆರೆಯಲಿಲ್ಲ.

ಅವರು ಬೇರೆ ಫೋಲ್ಡರುಗಳನ್ನೂ ಒತ್ತಿ ನೋಡಿದರು. ಹೆಸರುಗಳಿದ್ದವು, ಒಳಗೇನೂ ಇರಲಿಲ್ಲ. ಕೊನೆಗೆ ಒಂದು ವಿಡಿಯೋ ತೆರೆದುಕೊಂಡಿತು, ನನ್ನ ಗಂಡ ತಾಳ ಹಿಡಿದು ಕಣ್ಣು ಮುಚ್ಚಿ ಬಾಯಿ ಅಗಲಿಸಿದರು. ಆ ಕೋಣೆಯ ತುಂಬ ಅವರ ಅಪಸ್ವರ ಮೊಳಗಿತು.

"ಛೇ ಮೇಡಂ," ಎಂದು ಕಾರ್ಯದರ್ಶಿಗಳು ಕನ್ನಡಕ ತೆಗೆದರು. "ಸುಮ್ನೆ ಅಳಿಸಿದ್ರೆ ಬರ್ತಿತ್ತು. ಅಳಿಸಿದ ಜಾಗದ ಮೇಲೆ ಹೊಸದು ಬರೆದ್ರೆ ಹಳೇದು ಹೋದಂಗೇ. ನಿಮ್ಮ ಯಜಮಾನ್ರು ಒಂಚೂರೂ ಜಾಗ ಬಿಡದೆ ತುಂಬಿಸಿಬಿಟ್ಟಿದಾರೆ. ಇನ್ನು ಯಾರ ಕೈಲೂ ಆಗಲ್ಲ. ಸಾರಿ ಮೇಡಂ."

ಹೋದ ಜೀವ ಬಂತು. ಮದುವೆಯಾದಾಗಿನಿಂದ ಅವರ ಹಾಡು ನಿಲ್ಲಿಸಲು ಹೆಣಗಿದವಳು ನಾನು. ಅವತ್ತು ಆ ಹಾಡು ಕೇಳುತ್ತ ನನ್ನ ಕಣ್ಣಲ್ಲಿ ನೀರು ಬಂತು. ಕಾರ್ಯದರ್ಶಿಗಳು ಅದನ್ನು ದುಃಖವೆಂದು ತಿಳಿದು ಇನ್ನೂ ಪೇಚಾಡಿದರು. ಅತ್ತೆ ನನ್ನ ಬೆನ್ನು ಸವರಿ, "ಹೋಗ್ಲಿ ಬಿಡಮ್ಮ, ಫೋಟೋ ಸೊಸೆ ಹತ್ರಾನೇ ಇರುತ್ತೆ, ಅವಳನ್ನೇ ಕೇಳ್ತೀನಿ," ಎಂದರು.

ಆದರೂ ನನಗೆ ಅಷ್ಟಕ್ಕೇ ಧೈರ್ಯ ಸಾಲಲಿಲ್ಲ. ಫೋಲ್ಡರಿನ ಹೆಸರುಗಳಾದರೂ ಇದ್ದವಲ್ಲ. ಇದರೊಳಗಿನ ಹಾರ್ಡ್‌ಡಿಸ್ಕ್ ನನಗೆ ಬೇಕು, ಬದಲಿಗೆ ಹೊಸದು ಹಾಕಿಸಿಕೊಡುತ್ತೇನೆ ಎಂದೆ. ಗಂಡನ ಹಾಡು ಅಂದರೆ ಎಷ್ಟು ಪ್ರೀತಿ ನೋಡಿ ಎಂದು ಕಾರ್ಯದರ್ಶಿಗಳಿಗೆ ಮನಸ್ಸು ತುಂಬಿ ಬಂತು. ಅವರ ತಪ್ಪು ತಿಳಿವಳಿಕೆಯನ್ನು ತಿದ್ದುವಷ್ಟು ಮೂರ್ಖಳು ನಾನಲ್ಲ. ಬಿಚ್ಚಿಕೊಟ್ಟ ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದೆ. ಬರುವಾಗ ಹಳ್ಳಗಳು ಅಷ್ಟು ದೊಡ್ಡವೆನಿಸಲಿಲ್ಲ, ಹೊಸ ಡ್ರೈವರ ಜೊತೆ ನಗುತ್ತಲೇ ಮಾತಾಡಿದೆ.

ಬೀರುವಿನಲ್ಲಿ ಇನ್ನೊಂದು ಹಳೆಯ ಡಿಸ್ಕ್ ಇದ್ದುದು ಆಗ ನೆನಪಾಯಿತು, ಮೊದಲ ಕಂಪ್ಯೂಟರಿನದು. ಕಾರ್ಯದರ್ಶಿಗಳ ಮಾತು ಕೇಳಿದ ಮೇಲೆ ಅದನ್ನು ಹಾಗೇ ಬಿಡುವುದುಂಟೇ? ಗಂಡನ ಮುಂದೆ ಅದನ್ನಿಟ್ಟು, "ಇದನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಇದರಲ್ಲೂ ನಿಮ್ಮ ಭಜನೆ ತುಂಬಿಸಿ, ಚೂರೂ ಜಾಗ ಬಿಡಬೇಡಿ," ಎಂದೆ. ಅವರು ನನ್ನ ಹಣೆ ಮುಟ್ಟಿ ಜ್ವರವಿದೆಯೇ ನೋಡಿದರು. ತುಂಬಿಸಿದ ಮೇಲೆ ಎರಡನ್ನೂ ಮಹಡಿಯ ಮೇಲೆ ಇಟ್ಟು ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ತೂತು ಕೊರೆಯಿರಿ ಎಂದಾಗ ಮಾತ್ರ ಅವರ ಮುಖ ಬಾಡಿತು. ನನ್ನ ಹಾಡಿನ ಮೇಲೆ ಇಷ್ಟು ಕೋಪವೇ ಎಂದರು. ಕಾರಣ ಹೇಳುವಂತಿರಲಿಲ್ಲ. ಅವತ್ತು ರಾತ್ರಿಯ ಊಟಕ್ಕೆ ಅವರಿಗಿಷ್ಟದ ಅವರೆಕಾಳು ಹುಳಿ ಮಾಡಿದೆ. ಮುಂದಿನ ಶನಿವಾರ ಪಾರ್ಕಿಗೆ ಹೋಗಿ ಭಜನೆಯಲ್ಲಿ ಮೊದಲ ಸಾಲಿನಲ್ಲೇ ಕೂತೆ.

ನಡೆದದ್ದನ್ನು ಹುಡುಗಿಗೆ ಹೇಳದೆ ಬಿಡಬಹುದಿತ್ತು. ಆದರೆ ಅವಳ ಸಂಗತಿ, ಅವಳಿಗೆ ತಿಳಿದಿರಬೇಕು. ಫೋನು ಮಾಡಿದೆ. ಕೆಲಸ ಮುಗಿಸಿಕೊಂಡು ಬಂದಳು. ಯಜಮಾನರು ಹಾಲು ತರಲು ಹೋಗಿದ್ದರು. ಆರಂಭದಿಂದ ಕೊನೆಯವರೆಗೆ ಹೇಳಿ, ತೂತು ಬಿದ್ದ ಡಿಸ್ಕುಗಳನ್ನು ಅವಳ ಕೈಗೆ ಕೊಟ್ಟೆ. ಅವಳ ಹೆಸರು ಪರದೆಯ ಮೇಲೆ ಬಂದ ಗಳಿಗೆಯನ್ನು ಹೇಳುವಾಗ ಅವಳ ಮುಖ ಬಿಳಿಚಿತು. ಭಜನೆ ಬಂದ ಕಡೆ ಬಿದ್ದು ಬಿದ್ದು ನಕ್ಕಳು.

"ನಿಮ್ಮ ಹತ್ರ ಇನ್ನೆಲ್ಲೂ ಇಲ್ವಾ ಆಂಟಿ?"

"ಎಲ್ಲೂ ಇಲ್ಲ ಕಣೇ. ನನ್ನ ತಲೇಲಿ ಮಾತ್ರ ಇದೆ. ಅದಕ್ಕೂ ವಯಸ್ಸಾಯ್ತು, ಇವತ್ತೋ ನಾಳೆಯೋ ತಾನೇ ಅಳಿಸಿ ಹೋಗುತ್ತೆ ಬಿಡು."

ಅವಳು ನಗಲಿಲ್ಲ. ಡಿಸ್ಕುಗಳನ್ನು ಮೇಜಿನ ಮೇಲಿಟ್ಟು ನನ್ನ ಪಕ್ಕಕ್ಕೆ ಬಂದು ಕೂತಳು.

"ಅದು ಮಾತ್ರ ಬೇಡ ಆಂಟಿ. ಅಮ್ಮ ಹೋದ ಮೇಲೆ ನನ್ನ ಹತ್ತಿರದವರಲ್ಲಿ ಗೊತ್ತಿರೋದು ನಮ್ಮನೆಯವರಿಗೆ, ನಿಮಗೆ, ಅಷ್ಟೇ. ಅವರು ತಿಂಗಳಿಗೆ ಹತ್ತು ದಿನ ಊರಲ್ಲಿರಲ್ಲ. ಯಾವತ್ತಾದ್ರೂ ನಾನು ಬಿದ್ದೆ ಅಂತ ಅತ್ತೆ ಗಾಬರಿಯಾಗಿ ಫೋನ್ ಮಾಡೋದು ನಿಮಗೇನೇ. ಆಗ ಏನು ಮಾಡಿಸಬೇಕು ಅಂತ ಹೇಳೋಕೆ ಒಬ್ರು ಬೇಕಲ್ವಾ?"

ಇಷ್ಟು ದಿನ ಆ ಸಂಗತಿಯನ್ನು ಅಳಿಸುವುದರಲ್ಲೇ ನನ್ನ ಜೀವವಿತ್ತು. ಅವಳ ಜೀವಕ್ಕೆ ಅದನ್ನು ಬಲ್ಲವರೊಬ್ಬರು ಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಹೇಳಿಕೊಡು," ಎಂದೆ.

ಹೇಳಿಕೊಟ್ಟಳು. ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು. ತಲೆಯ ಕೆಳಗೆ ಮೆತ್ತಗಿರುವುದು ಏನಾದರೂ ಇಡಬೇಕು. ಬಾಯಿಗೆ ನೀರು, ಚಮಚ, ಏನನ್ನೂ ಹಾಕಬಾರದು. ಕೈಕಾಲು ಅದುಮಿ ಹಿಡಿಯಬಾರದು. ಕೈಗೆ ಬೀಗದಕೈ ಕೊಡಲು ಓಡಿ ಬರುವವರನ್ನು ದೂರ ನಿಲ್ಲಿಸಬೇಕು. ಗಡಿಯಾರ ನೋಡುತ್ತಿರಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಸಬೇಕು. ಎದ್ದ ಮೇಲೆ ಮಗು ಎಲ್ಲಿದೆ ಎಂದು ಅವಳಿಗೆ ಹೇಳಬೇಕು, ಮೊದಲು ಕೇಳುವುದು ಅದನ್ನೇ.

ವರ್ಷಗಟ್ಟಲೆ ಮಕ್ಕಳಿಂದ ಪಾಠ ಒಪ್ಪಿಸಿಕೊಂಡವಳು ನಾನು. ಅವತ್ತು ಅವಳ ಮುಂದೆ ಕೈಕಟ್ಟಿ ಕೂತು ಒಪ್ಪಿಸಿದೆ. ಒಂದು ಕಡೆ ತಪ್ಪಿದೆ. ಅವಳು ತಿದ್ದಿ, ಮತ್ತೆ ಮೊದಲಿನಿಂದ ಹೇಳಿಸಿದಳು.